ಕಲ್ಯಾಣದ ನೆರೆಯ ಜಲಸಂಗ್ವಿ

ರಾಜಧಾನಿಯ ಚರಿತ್ರೆಯನ್ನು ರಾಜಧಾನಿಯಲ್ಲಿಯೇ ಅರಸುವುದು ಲೋಕರೂಢಿ. ಚಾಲುಕ್ಯರ ಕಲ್ಯಾಣದ ವಿಷಯದಲ್ಲಿ ಈ ಕ್ರಮವು ಪೂರ್ಣಫಲವನ್ನು ಕೊಡಲಾರದು. ಇಂದಿನ ಬಸವಕಲ್ಯಾಣದ ಕೋಟೆಯು ಬಹುಮಟ್ಟಿಗೆ ಬಹಮನಿ ಸುಲ್ತಾನರೂ ಅವರ ತರುವಾಯದ ಒಡೆಯರೂ ಕೊಟ್ಟ ರೂಪದಲ್ಲಿರುವುದು. ಚಾಲುಕ್ಯರ ಕಾಲದ ಸಾಕ್ಷ್ಯವನ್ನು ಸುತ್ತಣ ಗ್ರಾಮಗಳಲ್ಲಿಯೂ ಹುಡುಕತಕ್ಕದ್ದು. ಅಂತಹವುಗಳಲ್ಲಿ ಬೀದರ ಜಿಲ್ಲೆಯ ಹುಮನಾಬಾದ ತಾಲೂಕಿಗೆ ಸೇರಿದ ಜಲಸಂಗ್ವಿಯು ಮುಖ್ಯವಾದುದು.

ಮೊದಲು ಈ ಸೀಮೆಯ ಭೂಸ್ವರೂಪವನ್ನು ಪರಿಶೀಲಿಸಬಹುದು. ಇದು ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದ ಪ್ರಸ್ಥಭೂಮಿ. ಕೆಲವೆಡೆ ಕೆಂಪು ಮುರಕಲ್ಲು, ಕೆಲವೆಡೆ ಜೋಳ, ಕಡಲೆ, ತೊಗರಿಗಳನ್ನು ಬೆಳೆವ ಎರೆನೆಲ. ಹುಮನಾಬಾದ ಸೀಮೆಯ ಕಾರಂಜಾ ಹೊಳೆಯು ಮಾಂಜ್ರಾ ನದಿಯನ್ನು ಕೂಡಿ ಗೋದಾವರಿಯನ್ನು ಸೇರುವುದು. ಬಸವಕಲ್ಯಾಣ ಸೀಮೆಯ ಚುಳಕಿನಾಲೆಯಾದರೋ ಮುಲ್ಲಾಮಾರಿ, ಕಾಗಿಣಾ, ಭೀಮಾ ನದಿಗಳ ಮೂಲಕ ಕೃಷ್ಣೆಯನ್ನು ಸೇರುವುದು. ಹೀಗೆ ಎರಡು ಮಹಾನದಿಗಳಿಗೆ ನೀರು ಹಂಚುವ ನೆಲದಲ್ಲಿ ಕಲ್ಯಾಣವು ನಿಂತಿದೆ. ಒಂದನೆಯ ಸೋಮೇಶ್ವರನು 11ನೆಯ ಶತಮಾನದ ಮಧ್ಯಭಾಗದಲ್ಲಿ ಮಾನ್ಯಖೇಟವನ್ನು ಬಿಟ್ಟು ಈ ಸ್ಥಳವನ್ನು ರಾಜಧಾನಿಯಾಗಿ ಮಾಡಿಕೊಂಡುದನ್ನು ವಿಚಾರಿಸುವಾಗ ಈ ಅಂಶವನ್ನು ಮರೆಯಲಾಗದು.

ಆತನ ಮಗನಾದ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದನು. ಪಟ್ಟಕ್ಕೆ ಬಂದೊಡನೆಯೇ ಶಕವರ್ಷದ ಗಣನೆಯನ್ನು ಬದಿಗಿರಿಸಿ ಚಾಲುಕ್ಯ ವಿಕ್ರಮವರ್ಷವನ್ನು ನಡೆಗೆ ತಂದನು. ಕಾಶ್ಮೀರದ ಬಿಲ್ಹಣನು ವಿಕ್ರಮಾಂಕದೇವಚರಿತವನ್ನೂ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನೂ ರಚಿಸಿದುದು ಈತನ ಆಶ್ರಯದಲ್ಲಿಯೇ. ಈ ಗ್ರಂಥಗಳಿಂದ ಆಸ್ಥಾನದ ವೈದುಷ್ಯವು ತಿಳಿಯುವುದೇ ಹೊರತು ಆ ಕೀರ್ತಿಯು ಹಳ್ಳಿಗಳವರೆಗೆ ಹರಡಿತ್ತೆ ಎಂಬುದು ತಿಳಿಯದು. ಈ ಪ್ರಶ್ನೆಗೆ ಜಲಸಂಗ್ವಿಯ ಕಲ್ಮೇಶ್ವರ ದೇವಾಲಯವು ಉತ್ತರವೀಯುತ್ತದೆ.

ಹುಮನಾಬಾದಿನಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿರುವ ಈ ಗುಡಿಯ ಹೊರಗೋಡೆಗಳಲ್ಲಿ ದೇವತಾಮೂರ್ತಿಗಳೊಡನೆ ನಾನಾ ಭಂಗಿಗಳ ಶಿಲಾಬಾಲಿಕೆಯರು ನಿಂತಿದ್ದಾರೆ. ಅವರಲ್ಲೊಬ್ಬಳು ಕೈಯೆತ್ತಿ ಫಲಕದ ಮೇಲೆ ಬರೆಯುತ್ತಿದ್ದಾಳೆ. ಅವಳು ಬರೆಯುವ ಅಕ್ಷರಗಳು ಬರಿಯ ಅಲಂಕಾರವಲ್ಲ. ವಿಕ್ರಮಾದಿತ್ಯನನ್ನು ಸಪ್ತದ್ವೀಪಗಳಿಂದ ಕೂಡಿದ ಭೂಮಂಡಲದ ಒಡೆಯನೆಂಬಂತೆ ಸ್ತುತಿಸುವ ಸಂಸ್ಕೃತ ಶಾಸನವೇ ಆಗಿವೆ. ಇಲ್ಲಿ ಶಾಸನವೂ ಶಿಲ್ಪವೂ ಬೇರೆ ಬೇರೆಯಲ್ಲ. ಶಾಸನವನ್ನು ಮಾತ್ರ ಓದುವವನಿಗೆ ಇದು ವಾಡಿಕೆಯ ರಾಜಸ್ತುತಿ. ಶಿಲ್ಪವನ್ನು ಮಾತ್ರ ನೋಡುವವನಿಗೆ ಇವಳು ಚೆಲುವೆಯರಲ್ಲೊಬ್ಬಳು. ಎರಡನ್ನೂ ಕೂಡಿಸಿ ನೋಡಿದರೆ ಮಾತ್ರ ಅರ್ಥವು ಪೂರ್ಣವಾಗುವುದು.

ಇದೊಂದರಿಂದಲೇ ಅಂದಿನ ಸ್ತ್ರೀಯರೆಲ್ಲರೂ ಅಕ್ಷರಸ್ಥರಾಗಿದ್ದರೆಂದು ಸಾಧಿಸುವುದು ಅತಿವ್ಯಾಪ್ತಿಯಾದೀತು. ಆದರೆ ಕನ್ನಡಿ ಹಿಡಿಯುವಂತೆ, ನರ್ತಿಸುವಂತೆ, ಬರೆಯುವುದೂ ಹೆಣ್ಣಿಗೆ ಶೋಭೆಯೆಂದು ಶಿಲ್ಪಿಯು ಭಾವಿಸಿದ್ದನೆಂಬಷ್ಟು ನಿಸ್ಸಂದೇಹ. ಬೇಲೂರಿನ ಚೆನ್ನಕೇಶವ ದೇವಾಲಯವು ಪ್ರತಿಷ್ಠಿತವಾದುದು 1117ರಲ್ಲಿ. ಅಲ್ಲಿಯ ಮದನಿಕೆಯರು ಸೂರಿನಡಿಯ ಆಸರೆಗಳಲ್ಲಿದ್ದರೆ, ಜಲಸಂಗ್ವಿಯವರು ಗೋಡೆಯಲ್ಲಿಯೇ ನೆಲೆಗೊಂಡಿದ್ದಾರೆ. ಹೊಯ್ಸಳ ಶಿಲ್ಪದ ಪೂರ್ವಚರಿತ್ರೆಯನ್ನು ಬರೆಯುವವರು ಈ ಚಾಲುಕ್ಯ ಸಂಪ್ರದಾಯವನ್ನು ಗಣಿಸಲೇಬೇಕು.

ಮುಂದೆ ಕಲಚುರಿ ಬಿಜ್ಜಳನು ಕಲ್ಯಾಣವನ್ನು ವಶಪಡಿಸಿಕೊಂಡನು. ಬಸವಣ್ಣನವರೂ ಶರಣರೂ ಆ ಊರಿಗೆ ಬೇರೊಂದು ಕೀರ್ತಿಯನ್ನು ತಂದರು. ಬಹಮನಿಗಳಿಂದ ನಿಜಾಮರವರೆಗೆ ಒಡೆತನವು ಬದಲಾಗುತ್ತಲೇ ನಡೆಯಿತು. ಹುಮನಾಬಾದವೆಂಬ ಹೆಸರಿನ ‘ಆಬಾದ’ ಎಂಬ ಪಾರಸೀಕ ಪದವು ಆ ಕಾಲದ ಗುರುತು. 1948ರಲ್ಲಿ ಹೈದರಾಬಾದ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1956ರಲ್ಲಿ ಈ ಸೀಮೆಯು ಮೈಸೂರು ರಾಜ್ಯವನ್ನು ಸೇರಿತು. ಇಷ್ಟು ರಾಜ್ಯಗಳು ಬಂದು ಹೋದರೂ ಜಲಸಂಗ್ವಿಯ ಬಾಲಿಕೆಯ ಬರಹವು ಉಳಿದಿದೆ. ಬಿಲ್ಹಣನ ಕಾವ್ಯವನ್ನು ಪಾಠ ಹೇಳುವವರು ಅದೇ ಅರಸನ ಈ ಹಳ್ಳಿಯ ಸ್ತುತಿಯನ್ನೂ ಶಿಷ್ಯರಿಗೆ ಪರಿಚಯಿಸಿದಲ್ಲಿ, ಕಾವ್ಯದಲ್ಲಿ ವರ್ಣಿತವಾದ ಕಲ್ಯಾಣಕ್ಕೆ ಅದರ ನೆಲವೂ ನೆರೆಯೂ ದೊರೆತಂತಾಗುವುದು.