ಶನಿವಾರ ಗಾಣ ಮುಟ್ಟದವರು

ಇವತ್ತಿನ ಕತೆ ಇಸ್ರೇಲಿಂದು, ಆದ್ರೆ ಶುರುವಾಗೋದು ಕೊಂಕಣದ ಎಣ್ಣೆ ಗಾಣದಿಂದ.

ನಮ್ಮ ಜಮಖಂಡಿ, ಮುಧೋಳ, ಬೀಳಗಿ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ, ಬಸವಣ್ಣನ ವಾರ. ಹಂಗೇ ಮುಂಬೈ ದಕ್ಷಿಣದ ಕೊಲಾಬಾ ಜಿಲ್ಲೆಯಲ್ಲಿ ಶನಿವಾರ ಗಾಣ ಮುಟ್ಟದ ಗಾಣಿಗರಿದ್ದರು. ಊರವರು 'ಶನಿವಾರ ತೇಲಿ' ಅಂತಿದ್ರು. ಮನೆಮಾತು ಮರಾಠಿ, ಹೆಂಗಸರಿಗೆ ಸೀರೆ, ಊರಿನ ಹೆಸರಿಗೆ 'ಕರ್' ಹಚ್ಚಿದ ಅಡ್ಡಹೆಸರು. ಧರ್ಮ ಮಾತ್ರ ಯಹೂದಿ. ಇವರೇ ಬೆನೆ ಇಸ್ರೇಲ್ ಜನ. ಹಡಗು ಒಡೆದು ಈ ದಂಡೆಗೆ ಬಂದ ಕೆಲವೇ ಮಂದಿಯ ಸಂತಾನ ನಾವು ಅನ್ನೋದು ಅವರ ಐತಿಹ್ಯ.

1948ರಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬೈ ಪ್ರಾಂತ್ಯಕ್ಕೆ ಸೇರಿದವು. ಅಂದ್ರೆ ನಾವೂ ಅವರೂ ಒಂದೇ ಸರಕಾರದ ಕೆಳಗೆ. ಅದೇ ವರ್ಷ ಮೇ 14ಕ್ಕೆ ಇಸ್ರೇಲ್ ಹುಟ್ಟಿತು. ಆ ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ಮನೆ ಕಳಕೊಂಡರು. ಅದಕ್ಕೆ ಬೇರೆ ಎಪಿಸೋಡೇ ಬೇಕು. 1950ರಲ್ಲಿ ಇಸ್ರೇಲ್ ಕಾನೂನು ಮಾಡಿತು: ಜಗತ್ತಿನ ಯಾವ ಯಹೂದಿಯಾದರೂ ಬಂದು ನೆಲೆಸಬಹುದು.

ಯುರೋಪಿನವರು ಹಿಟ್ಲರನ ಕೈಯಿಂದ ಉಳಿದು ಹೋದವರು. ಬೆನೆ ಇಸ್ರೇಲರನ್ನು ಇಲ್ಲಿ ಯಾರೂ ಅಟ್ಟಿರಲಿಲ್ಲ. ಕೆಲವರಿಗೆ ಭಕ್ತಿ, ಇನ್ನು ಕೆಲವರಿಗೆ ಬ್ರಿಟಿಷರು ಹೋದಮೇಲೆ ರೈಲ್ವೆ, ಅಂಚೆ ನೌಕರಿಯ ಗತಿ ಏನು ಅನ್ನೋ ಚಿಂತೆ. ಹೊರಟರು.

ಅಲ್ಲಿ ಸಿಕ್ಕಿದ್ದು ಮರುಭೂಮಿ ಅಂಚಿನ ಬೀರ್‌ಶೆಬಾದಂಥ ಊರು. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರಿಗೆ ಗೊತ್ತು, ಕೊಟ್ಟ ಜಾಗವೇ ಬೇರೆ, ಊರೇ ಬೇರೆ. ಮೈಬಣ್ಣ ನೋಡಿ ನಮ್ಮನ್ನು ಕೀಳಾಗಿ ಕಾಣ್ತಾರೆ ಅಂತ ಕೆಲವರು 1951ರಲ್ಲಿ ಟೆಲ್ ಅವೀವ್‌ನಲ್ಲಿ ಧರಣಿ ಕೂತರು. ಬೇಡಿಕೆ ಒಂದೇ: ವಾಪಸ್ ಭಾರತಕ್ಕೆ ಕಳಿಸ್ರಿ. 1952ರಲ್ಲಿ ನೂರಕ್ಕೂ ಹೆಚ್ಚು ಜನ ಮುಂಬೈಗೆ ಮರಳಿದರು. ಸ್ವಾರಸ್ಯ ಅಂದ್ರೆ, ಅವರಲ್ಲಿ ಬಹುತೇಕರು ಆಮೇಲೆ ಮತ್ತೆ ಇಸ್ರೇಲಿಗೇ ಹೋದರು. ಎರಡೂ ಕಡೆ ಮನಸ್ಸು ಸಿಕ್ಕಿಹಾಕಿಕೊಂಡಿತ್ತು ಅಂತ ನನಗನಿಸುತ್ತೆ.

ದೊಡ್ಡ ಪೆಟ್ಟು ಬಿದ್ದಿದ್ದು ಮದುವೆ ವಿಷಯದಲ್ಲಿ. 1962ರಲ್ಲಿ ಅಲ್ಲಿನ ಮುಖ್ಯ ಧರ್ಮಗುರುಗಳು ಅಪ್ಪಣೆ ಹೊರಡಿಸಿದರು: ಬೆನೆ ಇಸ್ರೇಲರು ಬೇರೆ ಯಹೂದಿಗಳನ್ನು ಮದುವೆಯಾಗೋದಾದರೆ ತಾಯಿ, ಅಜ್ಜಿ, ಇನ್ನೂ ಹಿಂದಿನವರ ಕುಲ ಪರೀಕ್ಷಿಸಬೇಕು. ನೋಡ್ರಿ, ತಲೆಮಾರುಗಟ್ಟಲೆ ಶನಿವಾರ ಗಾಣ ನಿಲ್ಲಿಸಿ ಧರ್ಮ ಕಾಪಾಡಿಕೊಂಡವರಿಗೆ 'ನೀವು ಖರೇನ ಯಹೂದಿಗಳೇನು?' ಅನ್ನೋ ಪ್ರಶ್ನೆ! ಕುಲ ಕೇಳೋ ಬಾಯಿ ನಮ್ಮಲ್ಲೂ ಕಮ್ಮಿ ಇಲ್ಲ, ಬಿಡ್ರಿ.

ಅವರು ಸುಮ್ಮನೆ ಕೂರಲಿಲ್ಲ. 1964ರ ಬೇಸಿಗೆ ಪೂರ್ತಿ ಜೆರುಸಲೇಮಿನಲ್ಲಿ ಹೋರಾಟ. ಆಗಸ್ಟ್ 17ಕ್ಕೆ ಇಸ್ರೇಲ್ ಸಂಸತ್ತು ಹೇಳಬೇಕಾಯಿತು: ಬೆನೆ ಇಸ್ರೇಲರು ಎಲ್ಲ ರೀತಿಯಿಂದಲೂ ಯಹೂದಿಗಳೇ.

ಮರುಭೂಮಿಯ ದಿಮೋನಾದಲ್ಲಿ ಅವರಲ್ಲಿ ಎಷ್ಟೋ ಮಂದಿಗೆ ಕೆಲಸ ಕೊಟ್ಟಿದ್ದು ಬಟ್ಟೆ ಗಿರಣಿ. ರಬಕವಿ-ಬನಹಟ್ಟಿ ಮಗ್ಗದ ಸದ್ದಿನಾಗ ಇದನ್ನ ಕೇಳ್ತಿರೋರಿಗೆ ಇದು ಹಿಡಿಸೀತು. ಇಸ್ರೇಲಿನಿಂದ 'ಮಾಯಬೋಲಿ' ಅನ್ನೋ ಮರಾಠಿ ಪತ್ರಿಕೆ ಹೊರಟಿತು. ಶುಭಕಾರ್ಯ ಬಂದರೆ ಇವತ್ತಿಗೂ ಪ್ರವಾದಿ ಎಲಿಯಾಹುವಿನ ಹೆಸರಲ್ಲಿ 'ಮಲಿದಾ' ಮಾಡ್ತಾರೆ. ನಮ್ಮ ಮಾದಲಿ ಗೋಧಿದು, ಅವರ ಮಲಿದಾ ಅವಲಕ್ಕಿ, ಕಾಯಿತುರಿ, ಸಿಹಿ ಬೆರೆಸಿದ್ದು.