ಮಾಣಿ ರಸ್ತೆಯ ಆ ತುದಿಯಲ್ಲಿ ಹುಟ್ಟಿದ ಬೈಕು

ಮಂಗಳೂರು ಕಡೆಯಿಂದ ಬಂದರೆ ಮಾಣಿಯಲ್ಲಿ ದಾರಿ ಎರಡಾಗುತ್ತದೆ. ನೇರ ಹೋದರೆ ಉಪ್ಪಿನಂಗಡಿ, ಶಿರಾಡಿ ಘಾಟಿ, ಬೆಂಗಳೂರು. ಬಲಕ್ಕೆ ತಿರುಗಿದರೆ ಪುತ್ತೂರು, ಸುಳ್ಯ, ಸಂಪಾಜೆ, ಮಡಿಕೇರಿ ದಾಟಿ ಮೈಸೂರು. ಸರ್ಕಾರಿ ಲೆಕ್ಕದಲ್ಲಿ ಅದು ಈಗ ರಾಷ್ಟ್ರೀಯ ಹೆದ್ದಾರಿ 275. ನಮ್ಮವರ ಬಾಯಲ್ಲಿ ಈಗಲೂ ಮಾಣಿ–ಮೈಸೂರು ರಸ್ತೆಯೇ.

ಆ ರಸ್ತೆಯ ಇನ್ನೊಂದು ತುದಿಯಲ್ಲಿ, ಮೈಸೂರಿನ ಯಾದವಗಿರಿಯಲ್ಲಿ, ಸುಮಾರು ಮೂವತ್ತೈದು ವರ್ಷ ಒಂದು ಬೈಕು ತಯಾರಾಗುತ್ತಿತ್ತು. ಮೊದಲು ಅದರ ಹೆಸರು ಜಾವಾ, ಆಮೇಲೆ ಯೆಜ್ಡಿ. ನಮ್ಮ ಕಡೆಯ ಹಳೆ ಮನೆಗಳ ಶೆಡ್ಡಿನಲ್ಲಿ, ಅಡಿಕೆ ಗೋಣಿಗಳ ಹಿಂದೆ, ಅಂಥದ್ದೊಂದು ಬೈಕು ಗಾಳಿ ಇಳಿದ ಟೈರಿನ ಮೇಲೆ ನಿಂತಿರುವುದು ಇನ್ನೂ ಕಾಣಸಿಗುತ್ತದೆ. ಅಜ್ಜ ಓಡಿಸಿದ್ದು, ಮಾವ ಓಡಿಸಿದ್ದು, ಆಮೇಲೆ ಯಾರೂ ಮುಟ್ಟದೆ ಬಿಟ್ಟದ್ದು. ಗುಜರಿಯವ ಬಂದಾಗಲೆಲ್ಲ ಅದರ ಕಡೆ ಕಣ್ಣು ಹಾಯಿಸಿ ಕಿಲೋ ಲೆಕ್ಕದಲ್ಲಿ ರೇಟು ಹೇಳುತ್ತಾನೆ.

ಕೊಡುವ ಮೊದಲು ಅದು ಶೆಡ್ಡಿಗೆ ಸೇರಿದ್ದು ಯಾಕೆ, ಮತ್ತೆ ಹೊರಗೆ ಬರಲು ಸಾಧ್ಯವೇ ಎಂದು ನೋಡೋಣ.

ಜಾವಾ ಮೂಲತಃ ಜೆಕ್ ದೇಶದ್ದು. ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯಿಂದ ಬೈಕು ತಯಾರಿಯ ಹಕ್ಕು ಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರಕ್ಕೆ ಆ ಕಂಪನಿಯ ಹೆಸರಿನ ಮೊದಲೆರಡು ಅಕ್ಷರ ಸೇರಿಸಿ ಜಾವಾ ಎಂದು ಹೆಸರಿಟ್ಟ. ನಮ್ಮ ದೇಶಕ್ಕೆ ಈ ಬೈಕನ್ನು ತರಿಸಿ ಮಾರುತ್ತಿದ್ದವರು ಮುಂಬೈಯ ಇರಾನಿ ಕುಟುಂಬದವರು. ವಿದೇಶಿ ವಾಹನಗಳ ಆಮದಿಗೆ ಸರ್ಕಾರ ಕಡಿವಾಣ ಹಾಕಿದಾಗ, ಇಲ್ಲೇ ತಯಾರಿಸದೆ ಅವರಿಗೆ ಬೇರೆ ದಾರಿ ಇರಲಿಲ್ಲ. ರುಸ್ತುಂ ಮತ್ತು ಫರೋಖ್ ಇರಾನಿ ಆರಿಸಿಕೊಂಡ ಊರು ಮೈಸೂರು. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು, 1961ರಲ್ಲಿ ಬೈಕು ಹೊರಬಂತು. ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್.

ಆ ಕಾಲದಲ್ಲಿ ಬೈಕು ಬೇಕೆಂದರೆ ಮುಖ್ಯವಾಗಿ ಇದ್ದ ಆಯ್ಕೆ ಮೂರೇ. ಮದ್ರಾಸಿನ ಬುಲೆಟ್, ಎಸ್ಕಾರ್ಟ್ಸ್ ಕಂಪನಿಯ ರಾಜದೂತ್, ನಮ್ಮ ಮೈಸೂರಿನ ಜಾವಾ. 1973ರಿಂದ ಮೈಸೂರಿನ ಬೈಕಿಗೆ ಯೆಜ್ಡಿ ಎಂಬ ಹೆಸರು ಬಂತು. ಇರಾನಿನ ಯಜ್ದ್ ಪಟ್ಟಣದ ನೆನಪಿಗೆ ಇಟ್ಟ ಹೆಸರದು. ಹೆಸರು ಬದಲಾದರೂ ಎಂಜಿನ್ನಿನ ಮನೆತನ ಬದಲಾಗಲಿಲ್ಲ. ಅದೇ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಶುರುವಾಯಿತು. ಅಡಿಕೆ ಧಾರಣೆ ಕುಸಿದು ಕಂಗೆಟ್ಟಿದ್ದ ಬೆಳೆಗಾರರು ಚೇತರಿಸಿಕೊಳ್ಳುತ್ತಿದ್ದ ಹೊತ್ತು. ಆ ದಿನಗಳಲ್ಲಿ ತೋಟದ ಮನೆಯೊಂದು ಬೈಕು ತರುವುದೆಂದರೆ ಸಣ್ಣ ವಿಷಯವಲ್ಲ.

ಹಾಗಾದರೆ ಅಷ್ಟು ಕಷ್ಟದಲ್ಲಿ ತಂದದ್ದನ್ನು ಮೂಲೆಗೆ ತಳ್ಳಿದ್ದು ಯಾಕೆ?

ಕಾರಣ 1984–85ರ ಸುಮಾರಿಗೆ ಬಂದ 100 ಸಿಸಿ ಬೈಕುಗಳು. ಸುಜುಕಿ, ಹೋಂಡಾ, ಯಮಾಹಾ ಮೊದಲಾದ ಜಪಾನಿ ಕಂಪನಿಗಳು ಇಲ್ಲಿನವರ ಜತೆ ಕೈಜೋಡಿಸಿದವು. ಅದರಲ್ಲೂ ಹೀರೋ ಹೋಂಡಾದ ಸಿಡಿ 100 ಲೀಟರಿಗೆ 80 ಕಿ.ಮೀ. ಎಂದು ಹೇಳಿಕೊಂಡು ಬಂತು. 250 ಸಿಸಿಯ ಯೆಜ್ಡಿ ಅದರ ಅರ್ಧದಷ್ಟೂ ಕೊಡುತ್ತಿರಲಿಲ್ಲ. ಮೇಲಿಂದ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಹೊಗೆ ಬೇರೆ. ದಿನಾ ಪೇಟೆಗೆ ಹೋಗುವವನಿಗೆ ಲೆಕ್ಕ ಸ್ಪಷ್ಟವಾಗಿತ್ತು. ತೊಂಬತ್ತರ ದಶಕದಲ್ಲಿ ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಬಾಗಿಲು ಹಾಕಿತು. ಕಾರ್ಮಿಕರು ಕೆಲಸ ಕಳೆದುಕೊಂಡರು, ಕಂಪನಿ ಮುಂದೆ ಹೈಕೋರ್ಟಿನ ಲಿಕ್ವಿಡೇಟರ್ ಕೈಗೆ ಹೋಯಿತು.

ಅಂದರೆ ನಮ್ಮ ಅಜ್ಜಂದಿರು ಬೈಕು ಬಿಟ್ಟದ್ದು ಅದು ಕೆಟ್ಟಿತೆಂದಲ್ಲ, ಸಾಕುವುದು ಕಷ್ಟ ಎಂದು. ಈ ವ್ಯತ್ಯಾಸ ಮುಖ್ಯ. ಇಪ್ಪತ್ತು ವರ್ಷ ನಿಂತ ಯೆಜ್ಡಿ ಮತ್ತೆ ಹೊರಡುವ ಸಾಧ್ಯತೆ ಇರುವುದೂ ಅದಕ್ಕೇ.

ಇನ್ನೊಂದು ಕಾರಣ ಅದರ ಕಟ್ಟೋಣ. ಅದು ಟೂ ಸ್ಟ್ರೋಕ್ ಎಂಜಿನ್. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಒಂದು ಪಿಸ್ಟನ್, ಒಂದು ಕನೆಕ್ಟಿಂಗ್ ರಾಡ್, ಒಂದು ಕ್ರ್ಯಾಂಕ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಕಿಕ್ ಹೊಡೆಯುವ ಸನ್ನೆಯೇ ಗೇರ್ ಹಾಕುವ ಸನ್ನೆ. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಕೆಳಗೆ ಬಿಟ್ಟರೆ ಗೇರ್. ಸ್ಪ್ಯಾನರ್ ಹಿಡಿಯಲು ಬಲ್ಲವನು ಇಂಥ ಎಂಜಿನ್ನನ್ನು ಅಂಗಳದಲ್ಲೇ ಬಿಚ್ಚಬಹುದು. ಕಾರ್ಖಾನೆ ಹೋದ ಮೇಲೂ ಬೈಕು ಉಳಿದದ್ದು ಊರೂರಿನ ಗ್ಯಾರೇಜಿನವರ ಕೈಯಲ್ಲಿ.

ಆದರೆ ನಮ್ಮದು ಕರಾವಳಿ. ವರ್ಷಕ್ಕೆ ನಾಲ್ಕು ಸಾವಿರ ಮಿ.ಮೀ. ಆಸುಪಾಸು ಮಳೆ ಸುರಿಯುವ ಜಿಲ್ಲೆ. ಬಯಲುಸೀಮೆಯಲ್ಲಿ ನಿಂತ ಬೈಕಿಗೂ ಇಲ್ಲಿ ನಿಂತದ್ದಕ್ಕೂ ಫರಕು ಇದೆ. ಟೂ ಸ್ಟ್ರೋಕಿನ ಪಿಸ್ಟನ್ನು, ಕ್ರ್ಯಾಂಕಿಗೆ ಆಯಿಲ್ ಸಿಗುವುದು ಪೆಟ್ರೋಲಿನ ಜತೆಗೇ. ಬೈಕು ನಿಂತರೆ ಒಳಗೆ ಉಳಿಯುವುದು ತೆಳು ಪಸೆ ಮಾತ್ರ. ಸೈಲೆನ್ಸರ್ ದಾರಿಯಲ್ಲಿ ಹೊಕ್ಕ ತೇವ ಪಿಸ್ಟನ್ ರಿಂಗನ್ನು ಸಿಲಿಂಡರಿಗೆ ಕಚ್ಚಿಸಿಬಿಡುತ್ತದೆ. ಕುಂಬಾರ ಹುಳು ಸೈಲೆನ್ಸರಿನೊಳಗೆ ಮಣ್ಣಿನ ಗೂಡು ಕಟ್ಟಿರುವುದೂ ಉಂಟು.

ಆದ್ದರಿಂದ ಮೊದಲ ಮಾತು: ಉತ್ಸಾಹದಲ್ಲಿ ಕಿಕ್ ಹೊಡೆಯಬೇಡಿ. ಕಚ್ಚಿಕೊಂಡ ರಿಂಗ್ ಮುರಿದರೆ ಸಿಲಿಂಡರಿಗೆ ಗೀರು ಬೀಳುತ್ತದೆ. ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಸ್ವಲ್ಪ ಟೂ ಟಿ ಆಯಿಲ್ ಇಲ್ಲವೇ ಡೀಸೆಲ್ ಬೆರೆಸಿದ ಆಯಿಲ್ ಹಾಕಿ ನಾಲ್ಕಾರು ದಿನ ಬಿಡಬೇಕು. ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಬೇಕು. ಅಲುಗಿದರೆ ಅರ್ಧ ಗೆದ್ದ ಹಾಗೆ. ಅಲುಗದಿದ್ದರೆ ಹೆಡ್ಡು, ಸಿಲಿಂಡರ್ ಬಿಚ್ಚುವ ಕೆಲಸ ಮೆಕ್ಯಾನಿಕ್ಕಿನದ್ದು.

ಟ್ಯಾಂಕಿನ ಹಳೆ ಪೆಟ್ರೋಲು ಅಂಟಾಗಿ ವಾರ್ನಿಶ್ ವಾಸನೆ ಹೊಡೆಯುತ್ತಿರುತ್ತದೆ. ಅದನ್ನು ಪೂರ್ತಿ ಚೆಲ್ಲಿ, ಡೀಸೆಲಿನ ಜತೆ ಸಣ್ಣ ಜಲ್ಲಿ ಹಾಕಿ ಕುಲುಕಿ ತುಕ್ಕು ತೆಗೆಯಬೇಕು. ಕಾರ್ಬೊರೇಟರಿನ ಜೆಟ್ಟುಗಳನ್ನು ಬಿಡಿಸಿ ತೊಳೆಯಬೇಕು. ಹಳೆಯ ಜಾವಾದ್ದು 6 ವೋಲ್ಟಿನ ವ್ಯವಸ್ಥೆ. ಪಾಯಿಂಟ್ ಸೆಟ್ ಉಜ್ಜಿ, ಕಂಡೆನ್ಸರ್ ಪರೀಕ್ಷಿಸಿ, ಬ್ಯಾಟರಿ ಹೊಸದು ಹಾಕಿದರೆ ಕಿಡಿ ಬರುತ್ತದೆ.

ಇಷ್ಟಾದರೆ ಬೈಕು ಸ್ಟಾರ್ಟ್ ಆದೀತು. ಆದರೆ ಅಲ್ಲಿಗೆ ಮುಗಿಯಲಿಲ್ಲ. ಕ್ರ್ಯಾಂಕಿನ ಎರಡು ಬದಿಯ ರಬ್ಬರ್ ಆಯಿಲ್ ಸೀಲುಗಳು ಇಷ್ಟು ವರ್ಷದಲ್ಲಿ ಒಣಗಿ ಗಟ್ಟಿಯಾಗಿರುತ್ತವೆ. ಒಂದು ಕಡೆ ಗಾಳಿ ಎಳೆದರೆ ಎಂಜಿನ್ ಕಾದು ಪಿಸ್ಟನ್ ಹಿಡಿಯುತ್ತದೆ, ಇನ್ನೊಂದು ಕಡೆ ಗೇರ್ ಆಯಿಲ್ ಎಳೆದರೆ ಬೆಳ್ಳಗೆ ಹೊಗೆ ಬರುತ್ತದೆ. ಸ್ಟಾರ್ಟ್ ಆದ ಖುಷಿಯಲ್ಲಿ ಕಬಕದವರೆಗೆ ಒಂದು ಸುತ್ತು ಹೋಗಿ ಎಂಜಿನ್ ಸುಟ್ಟುಕೊಳ್ಳುವುದು ಹೀಗೆಯೇ. ಬ್ರೇಕ್ ಶೂ, ಕೇಬಲ್, ಬಿರುಕು ಬಿಟ್ಟ ಟೈರು ಬದಲಾಗದೆ ರಸ್ತೆಗೆ ಇಳಿಸುವುದಂತೂ ಬೇಡ.

ಅಜ್ಜನ ಕಾಲದಲ್ಲಿ ಇಲ್ಲದ ಒಂದು ತೊಂದರೆ ಈಗ ಉಂಟು. ಪಂಪಿನಲ್ಲಿ ಸಿಗುವುದು 20 ಶೇಕಡಾ ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆ ಕಾಲದ ರಬ್ಬರಿಗೂ ಒಗ್ಗುವುದಿಲ್ಲ. ಮಳೆಗಾಲವಿಡೀ ಬೈಕು ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬೊರೇಟರ್ ಎರಡನ್ನೂ ಖಾಲಿ ಮಾಡಿಡುವುದು ಒಳ್ಳೆಯದು.

ಎಂಜಿನ್ನಿಗಿಂತ ಹೆಚ್ಚು ಬೈಕುಗಳನ್ನು ಗುಜರಿಗೆ ಕಳಿಸುವುದು ಕಾಗದ. 1989ರಲ್ಲಿ ಹೊಸ ಮೋಟಾರು ವಾಹನ ಕಾಯ್ದೆ ಜಾರಿಗೆ ಬರುವ ಮೊದಲಿನ ನಂಬರ್ ಪ್ಲೇಟಿನಲ್ಲಿ ಕೆಎ ಇರಲಿಲ್ಲ. ನಮ್ಮ ರಾಜ್ಯದ ಹಲವು ಹಳೆ ನಂಬರುಗಳು ಎಂವೈ ಎಂದು ಶುರುವಾಗುತ್ತಿದ್ದವು. ಬಂಟ್ವಾಳದ ಕೆಎ 70 ಬಂದದ್ದು ಎಷ್ಟೋ ಆಮೇಲೆ. ಹಳೆ ಆರ್‌ಸಿ ಪುಸ್ತಕ ಇದ್ದರೆ ಅದರಲ್ಲಿನ ಎಂಜಿನ್ ನಂಬರು, ಚಾಸಿಸ್ ನಂಬರು ಬೈಕಿನದ್ದಕ್ಕೆ ತಾಳೆಯಾಗುತ್ತದೆಯೇ ನೋಡಿ. ಆರ್‌ಸಿ ತೀರಿಹೋದವರ ಹೆಸರಲ್ಲಿದ್ದರೆ ವಾರಸುದಾರರ ಹೆಸರಿಗೆ ಮಾಡಿಸಲು ಫಾರಂ 31, ನೋಂದಣಿ ನವೀಕರಿಸಲು ಫಾರಂ 25. ಹದಿನೈದು ವರ್ಷ ದಾಟಿದ ಬೈಕಿನ ನವೀಕರಣ ಶುಲ್ಕ 300 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 1000 ಆಯಿತು. ತಡವಾದ ದಂಡ ಬೇರೆ. ಹೊರಡುವ ಮುಂಚೆ ಈಗಿನ ಶುಲ್ಕ ಎಷ್ಟೆಂದು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ.

50 ವರ್ಷ ದಾಟಿ ಮೂಲರೂಪದಲ್ಲೇ ಉಳಿದ ಬೈಕಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿಯೂ ಇದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ಆ ನೋಂದಣಿಯಲ್ಲಿ ದಿನಾ ಪೇಟೆಗೆ ಓಡಿಸುವಂತಿಲ್ಲ. ಓಡಿಸುವ ಆಸೆ ಇದ್ದವರಿಗೆ ಹಳೆ ನೋಂದಣಿಯನ್ನು ಉಳಿಸಿಕೊಳ್ಳುವುದೇ ಲೇಸು.

ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಮಾರುಕಟ್ಟೆಗೆ ಮತ್ತೆ ಬಂದವಲ್ಲ ಎಂದು ಕೆಲವರು ಕೇಳುತ್ತಾರೆ. ಅವು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ, ಎಂಜಿನ್ ಫೋರ್ ಸ್ಟ್ರೋಕ್. ಅದರ ಪಿಸ್ಟನ್ನು ನಿಮ್ಮ ಅಜ್ಜನ ಬೈಕಿಗೆ ಹೊಂದುವುದಿಲ್ಲ. ಹಳೆಯದರ ಬಿಡಿಭಾಗಕ್ಕೆ ಈಗಲೂ ಮೈಸೂರು, ಬೆಂಗಳೂರಿನ ಹಳೆ ಅಂಗಡಿಗಳನ್ನೇ ಕೇಳಬೇಕು. ಪ್ರತಿ ಜುಲೈಯ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ. ಅಂದು ಸೇರುವ ಸವಾರರಲ್ಲಿ ಯಾವ ಸಾಮಾನು ಎಲ್ಲಿ ಸಿಗುತ್ತದೆ ಎಂದು ತಿಳಿದವರು ಇರುತ್ತಾರೆ.

ಎಲ್ಲ ಬೈಕೂ ಮತ್ತೆ ಓಡಬೇಕು ಎಂದು ನಾವು ಹೇಳುತ್ತಿಲ್ಲ. ರಿಪೇರಿಗೆ ಬೀಳುವ ದುಡ್ಡಿನಲ್ಲಿ ಮಗಳ ಕಾಲೇಜು ಫೀಸು ಕಟ್ಟಬೇಕಾದ ಮನೆಗೆ ಅದೇ ಸರಿ. ಆದರೆ ಸಾಮಾನಾದರೂ ಎಲ್ಲೋ ಹುಡುಕಿದರೆ ಸಿಗುತ್ತದೆ, ಕೆಲಸ ಬಲ್ಲವರು ಸಿಗುವುದಿಲ್ಲ. ಪಾಯಿಂಟಿನ ಸಂದನ್ನು ಕಣ್ಣಳತೆಯಲ್ಲಿ ಹೊಂದಿಸುವ, ಶಬ್ದ ಕೇಳಿಯೇ ಸೀಲು ಹೋಗಿದೆ ಎನ್ನುವ ಮೆಕ್ಯಾನಿಕ್ಕುಗಳಿಗೆ ಈಗ ವಯಸ್ಸಾಗಿದೆ. ಅವರಲ್ಲಿ ಹಲವರು ಕಲಿತದ್ದು ಇನ್ನೊಬ್ಬ ಮೇಸ್ತ್ರಿಯ ಪಕ್ಕದಲ್ಲಿ ಕೂತು, ಪುಸ್ತಕ ಓದಿ ಅಲ್ಲ. ಹಾಗಾಗಿ ಬರೆದಿಟ್ಟದ್ದೂ ಕಡಿಮೆ.

ನಿಮ್ಮ ಶೆಡ್ಡಿನಲ್ಲಿ ಅಂಥ ಬೈಕು ಇದ್ದರೆ ಮೊದಲು ಪೆಟ್ಟಿಗೆ, ಕಪಾಟುಗಳಲ್ಲಿ ಆರ್‌ಸಿ ಹುಡುಕಿ. ಹಳೆ ಮೆಕ್ಯಾನಿಕ್ ಒಬ್ಬರನ್ನು ಮನೆಗೆ ಕರೆದು ತೋರಿಸಿ. ಅವರು ಬಿಚ್ಚುವಾಗ ಮನೆಯ ಹುಡುಗರನ್ನು ಪಕ್ಕದಲ್ಲಿ ಕೂರಿಸಿ, ಮೊಬೈಲಿನಲ್ಲಿ ವಿಡಿಯೊ ಮಾಡಿಸಿ. ಗುಜರಿಯವನಿಗೆ ಉತ್ತರ ಆಮೇಲೆ ಕೊಟ್ಟರಾಯಿತು.