ದೀಹದ ಹಕ್ಕಿ

ಹಳಗನ್ನಡದಲ್ಲಿ ‘ದೀಹ’ ಎಂಬ ಪದವೊಂದಿದೆ. ‘ದೀವ’ ಎಂಬ ರೂಪವೂ ಉಂಟು. ಕಾಡಿನ ಮೃಗಪಕ್ಷಿಗಳನ್ನು ಬಲೆಯತ್ತ ಸೆಳೆಯುವುದಕ್ಕಾಗಿ ಬೇಟೆಗಾರನು ಪಳಗಿಸಿ ಮುಂದೊಡ್ಡುವ ಅದೇ ಜಾತಿಯ ಜೀವ ಎಂದು ಅದರ ಅರ್ಥ. ಇಂಗ್ಲಿಷಿನ ‘ಡಿಕಾಯ್’ ಇದಕ್ಕೆ ಸಮೀಪದ ಮಾತು. ಆ ಪದ ಡಚ್ಚರ ‘ಕೋಯ್’ ಎಂಬುದರಿಂದ, ಅಂದರೆ ಪಂಜರದಿಂದ ಬಂದದ್ದು. ಬಾತುಗಳನ್ನು ಬಲೆಯ ಸುರಂಗದೊಳಕ್ಕೆ ಇಳಿಸುವ ಕೊಳಕ್ಕೆ ಮೊದಲು ಆ ಹೆಸರಿತ್ತು. ಅದು ಕಟ್ಟಿದ ತಾಣವನ್ನು ಹೇಳಿದರೆ ನಮ್ಮ ಪದ ಉಸಿರಾಡುವ ಪ್ರಾಣಿಯನ್ನು ಹೇಳುತ್ತದೆ. ಈ ವ್ಯತ್ಯಾಸ ಬರಿಯ ನಿಘಂಟಿನದಲ್ಲ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಬೇಟೆಗೆ ವಿಸ್ತಾರವಾದ ಸ್ಥಾನವಿದೆ. ಪಳಗಿದ ಜಿಂಕೆಯನ್ನು ಮುಂದಿಟ್ಟು ಕಾಡಿನ ಜಿಂಕೆಯನ್ನು ಹತ್ತಿರಕ್ಕೆ ಕರೆಯುವ ಬಗೆಯನ್ನು ಅಲ್ಲಿ ವಿವರಿಸಲಾಗಿದೆ. ಆ ಜಿಂಕೆಗೆ ‘ದೀಪಮೃಗ’ವೆಂದು ಹೆಸರು. ಅದೇ ಗ್ರಂಥದಲ್ಲಿ ಚಿತ್ರಕಲೆಯ ಪ್ರಕರಣವೂ ಇದೆ. ಎಮ್ಮೆಯ ತೊಗಲನ್ನು ಕುದಿಸಿ ವಜ್ರಲೇಪವೆಂಬ ಅಂಟನ್ನು ತೆಗೆಯುವುದು, ಶಂಖದ ಪುಡಿಯಿಂದ ಬಿಳುಪು ಪಡೆಯುವುದು, ಕರುವಿನ ಕಿವಿಯ ಕೂದಲಿನಿಂದ ಕುಂಚ ಕಟ್ಟುವುದು, ಎಲ್ಲವನ್ನೂ ರಾಜನು ಬರೆದಿದ್ದಾನೆ. ಕನ್ನಡಿಯಲ್ಲಿ ಕಂಡಂತೆ ಮೂಲವನ್ನೇ ಹೋಲುವ ಚಿತ್ರವನ್ನು ‘ವಿದ್ಧ’ವೆಂದು ಕರೆಯುತ್ತಾನೆ. ಹೋಲಿಕೆಯ ವಿದ್ಯೆಯೂ ಸೆಳೆಯುವ ವಿದ್ಯೆಯೂ ಒಬ್ಬನೇ ಅರಸನ ಪುಸ್ತಕದಲ್ಲಿವೆ. ಆದರೂ ಅವೆರಡೂ ಕೂಡಿ ಒಂದು ಮರದ ಬಾತು ಹುಟ್ಟಲಿಲ್ಲ.

ಬೇರೆಡೆ ಅದು ಹುಟ್ಟಿತು. ಅಮೆರಿಕದ ನೆವಾಡದ ಲವ್‌ಲಾಕ್ ಗುಹೆಯಲ್ಲಿ 1924ರಲ್ಲಿ ಜಂಬುಹುಲ್ಲನ್ನು ಹೆಣೆದು ಮಾಡಿದ 11 ಬಾತುಗಳು ದೊರೆತವು. ಕೆಲವಕ್ಕೆ ಬಣ್ಣ ಬಳಿದು ನಿಜವಾದ ಗರಿಗಳನ್ನೂ ಸಿಕ್ಕಿಸಿದ್ದರು. ವಯಸ್ಸು ಸುಮಾರು ಎರಡು ಸಾವಿರ ವರ್ಷ. ಮುಂದೆ ವಲಸೆ ಬಂದ ಬಿಳಿಯರು ಅದೇ ಉಪಾಯವನ್ನು ಮರದಲ್ಲಿ ಮಾಡಿದರು. ಅಲ್ಲಿ 1935ರಲ್ಲಿ ಜೀವಂತ ಬಾತುಗಳನ್ನು ಕಟ್ಟಿ ಬೇಟೆಯಾಡುವುದು ನಿಷಿದ್ಧವಾಯಿತು. ಮರದ ಹಕ್ಕಿ ಮಾತ್ರ ಉಳಿಯಿತು. ಬೇಟೆಗಾರರ ಕೊಟ್ಟಿಗೆಯಲ್ಲಿ ಧೂಳು ಹಿಡಿದಿದ್ದ ಈ ವಸ್ತುಗಳು ಕ್ರಮೇಣ ಕಲಾಕೃತಿಗಳಾದವು. ಎಲ್ಮರ್ ಕ್ರೋವೆಲ್ ಎಂಬ ಕುಶಲಕರ್ಮಿಯ ಎರಡು ಹಕ್ಕಿಗಳು 2007ರಲ್ಲಿ ತಲಾ ಹನ್ನೊಂದು ಲಕ್ಷ ಡಾಲರಿಗೂ ಮೀರಿ ಮಾರಾಟವಾದವು.

ನಮ್ಮ ನಾಡಿನ ನೀರಿನಲ್ಲಿ ಬಾತು ಹಿಡಿಯುವವರ ಉಪಾಯ ಇದಕ್ಕಿಂತ ಸರಳ, ಮತ್ತು ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಜಾಣತನದ್ದು. ವಸಾಹತು ಕಾಲದ ಬರೆಹಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಕೆರೆಯ ಮೇಲೆ ಬರಿಯ ಮಡಕೆಗಳನ್ನು ತೇಲಿಬಿಡುವುದು. ಹಕ್ಕಿಗಳು ಅವಕ್ಕೆ ಒಗ್ಗಿಕೊಂಡ ಮೇಲೆ ಕಣ್ಣಿಗೆ ತೂತು ಕೊರೆದ ಮಡಕೆಯೊಂದನ್ನು ತಲೆಗೆ ಬೋರಲು ಹಾಕಿಕೊಂಡು ಕತ್ತಿನವರೆಗೆ ನೀರಿಗಿಳಿದು, ಒಂದೊಂದಾಗಿ ಕಾಲು ಹಿಡಿದೆಳೆಯುವುದು. ಇಲ್ಲಿ ಹೋಲಿಕೆಯೇ ಇಲ್ಲ, ಬಣ್ಣವೂ ಇಲ್ಲ. ಇರುವುದು ಹಕ್ಕಿಯ ಅಭ್ಯಾಸದ ಅರಿವು ಮಾತ್ರ.

ಈ ಅರಿವು ಯಾರದು? ಉತ್ತರ ಕರ್ನಾಟಕದ ಹರಣಶಿಕಾರಿಗಳದು, ಮಹಾರಾಷ್ಟ್ರದ ಫಾಸೆಪಾರಧಿಗಳದು, ಇಂತಹ ಅಲೆಮಾರಿ ಬೇಟೆಯ ಸಮುದಾಯಗಳದು. ಪಂಜರದ ಕವುಜುಗದ ಕೂಗಿನಿಂದ ಬಯಲಿನ ಕವುಜುಗವನ್ನು ಕರೆಸುವುದು, ಪಳಗಿದ ದನದ ಮರೆಯಲ್ಲಿ ನಡೆದು ಹಿಂಡನ್ನು ಸಮೀಪಿಸುವುದು ಇವರ ಮನೆಯ ವಿದ್ಯೆ. 1871ರಲ್ಲಿ ಬಂದು 1911ರಲ್ಲಿ ವಿಸ್ತರಿಸಿದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಂತಹ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಮಾಡಿತು. ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿ ‘ಸೆಟ್ಲ್‌ಮೆಂಟು’ಗಳೆದ್ದವು, ಹಾಜರಿ ಪುಸ್ತಕಗಳು ಬಂದವು. 1952ರಲ್ಲಿ ಕಾಯ್ದೆ ಹೋಯಿತು, ಹೆಸರಿಗೆ ಅಂಟಿದ ಕಳಂಕ ಹೋಗಲಿಲ್ಲ. ಅದೇ ದಶಕಗಳಲ್ಲಿ ಹಕ್ಕಿಗಳನ್ನು ಬಂದೂಕಿನಿಂದ ನೂರಾರು ಸಂಖ್ಯೆಯಲ್ಲಿ ಉರುಳಿಸುತ್ತಿದ್ದ ದೊರೆಗಳಿಗೂ ಸಂಸ್ಥಾನಿಕರಿಗೂ ‘ಶಿಕಾರಿಪ್ರಿಯ’ರೆಂಬ ಗೌರವವಿತ್ತು. 1972ರ ವನ್ಯಜೀವಿ ಕಾಯ್ದೆ ಮತ್ತು 1991ರ ತಿದ್ದುಪಡಿ ಬೇಟೆಯನ್ನೇ ನಿಲ್ಲಿಸಿದವು. ಅದು ಆಗಲೇಬೇಕಾದದ್ದು. ಆದರೆ ಅಮೆರಿಕದಲ್ಲಿ ಕಾನೂನಿನ ಬಳಿಕ ವಸ್ತುಸಂಗ್ರಹಾಲಯಕ್ಕೆ ಹೋಗಲು ಮರದ ಹಕ್ಕಿಯಾದರೂ ಇತ್ತು. ನಮ್ಮ ದೀಹ ಜೀವಂತವಾಗಿದ್ದುದರಿಂದ ಹಿಂದೆ ಉಳಿದದ್ದು ಪದವೊಂದೇ.

ಮರ ಕೆತ್ತುವ ಕೈಗಳಿಗೇನೂ ಕೊರತೆಯಿರಲಿಲ್ಲ. ಕೊಪ್ಪಳದ ಕಿನ್ನಾಳದ ಚಿತ್ರಗಾರರು ಹಗುರವಾದ ಮರವನ್ನು ಕೆತ್ತಿ, ಗೋಣಿನಾರಿನ ಪುಡಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿದ ‘ಕಿಟ್ಟ’ವನ್ನು ಮೆತ್ತಿ, ಅದರ ಮೇಲೆ ಬಣ್ಣ ಹಾಕುತ್ತಾರೆ. ಚನ್ನಪಟ್ಟಣದವರು ಹಾಲೆಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗು ಒತ್ತಿ ಹೊಳಪು ತರುತ್ತಾರೆ. ಇವು ದೇವರಿಗೆ, ಹಬ್ಬಕ್ಕೆ, ಮಗುವಿಗೆ ಆದವು; ಮನುಷ್ಯನ ಕಣ್ಣಿಗೆ ಹೊಳೆಯಬೇಕಾದವು. ನೀರಿನ ಮೇಲಿನ ಹುಸಿಬಾತು ಹೊಳೆದರೆ ಕೆಟ್ಟಿತು. ಬಿಸಿಲಿಗೆ ಮಿಂಚುವ ಬೆನ್ನನ್ನು ಕಂಡ ಹಕ್ಕಿ ಮೇಲಿನಿಂದಲೇ ತಿರುಗಿಬಿಡುತ್ತದೆ. ಕಣ್ಣಿನ ಸೂಕ್ಷ್ಮ, ಗರಿಯ ಗೆರೆ ಅದಕ್ಕೆ ಬೇಕಿಲ್ಲ. ದೂರದಿಂದ ಕಾಣುವ ಆಕಾರ, ಬಣ್ಣದ ದೊಡ್ಡ ಪಟ್ಟಿಗಳು, ತೇಲುವ ಭಂಗಿ ಇಷ್ಟು ಸಾಕು.

ಪುಣೆಯಲ್ಲಿ ನಾವು ಕೆಲವು ಚಳಿಗಾಲಗಳಿಂದ ರಜಾದಿನಗಳಲ್ಲಿ ಮನೆಯ ಹಿಂಬದಿಯ ಕಟ್ಟೆಯಲ್ಲಿ ಈ ಕೆಲಸ ಮಾಡುತ್ತಿದ್ದೇವೆ. ಬೇಟೆಗಲ್ಲ, ಕೈ ಕಲಿಯಲೆಂದು. ಮರ ಪಾಂಗಾರಾ, ನಮ್ಮ ಹಾಲುವಾಣ. ಸಾವಂತವಾಡಿಯ ಹಳೆಯ ಮರದ ಹಣ್ಣುಗಳೂ ಇದರದೇ. ದೇಹವನ್ನು ಎರಡು ಹೋಳಾಗಿ ಕೆತ್ತಿ ಒಳಗನ್ನು ಟೊಳ್ಳಾಗಿಸಿ ಅಂಟಿಸಬೇಕು. ತಲೆ ಬೇರೆ ತುಂಡು. ಅಡಿಗೆ ಸೀಸದ ತೂಕವಿಲ್ಲದಿದ್ದರೆ ಗಾಳಿಗೆ ಮಗುಚುತ್ತದೆ. ಬಣ್ಣಕ್ಕೆ ಚಕ್ರವಾಕವನ್ನೇ ಆರಿಸಿಕೊಂಡೆವು. ಕಾವ್ಯದಲ್ಲಿ ಇರುಳೆಲ್ಲ ವಿರಹಪಡುವ ಆ ಹಕ್ಕಿ ಚಳಿಗಾಲದಲ್ಲಿ ಪುಣೆಯಿಂದ ಸುಮಾರು ನೂರು ಕಿಲೋಮೀಟರ್ ದೂರದ ಭಿಗವಣಕ್ಕೆ, ಉಜನಿ ಅಣೆಕಟ್ಟಿನ ಹಿನ್ನೀರಿಗೆ ಜೋಡಿಜೋಡಿಯಾಗಿ ಬಂದಿಳಿಯುತ್ತದೆ. ಆ ನೀರು ಭೀಮೆಯದು, ಮುಂದೆ ನಮ್ಮ ಕಲಬುರಗಿ ಜಿಲ್ಲೆಗೆ ಹರಿಯುವಂಥದು.

ಹೋದ ಜನವರಿಯಲ್ಲಿ ಎರಡು ಮರದ ಚಕ್ರವಾಕಗಳನ್ನು, ಒಂದು ಕತ್ತೆತ್ತಿದ್ದು, ಇನ್ನೊಂದು ಕತ್ತು ಹುದುಗಿಸಿದ್ದು, ಅಲ್ಲಿಗೆ ಒಯ್ದೆವು. ನಮ್ಮನ್ನು ದೋಣಿಯಲ್ಲಿ ಕರೆದೊಯ್ದ ಮುದುಕರು ಮೀನುಗಾರರು. ಅವರ ತಂದೆಯ ಊರು ಆ ನೀರಿನಡಿ ಇದೆ. ಅವೆರಡನ್ನೂ ಕೈಯಲ್ಲಿ ತೂಗಿ, ಅಡಿ ನೋಡಿ, ಬಣ್ಣದ ಬಗ್ಗೆ ಏನನ್ನೂ ಹೇಳದೆ ಕತ್ತು ಹುದುಗಿಸಿದ್ದನ್ನು ಬೇರೆ ಇಟ್ಟರು. “ಇದು ಕರೆಯುತ್ತದೆ, ಸಾಹೇಬರೇ,” ಎಂದರು ಮರಾಠಿಯಲ್ಲಿ. “ಅದು ಕತ್ತೆತ್ತಿ ಯಾರನ್ನೋ ನೋಡುತ್ತಿದೆ. ಅದನ್ನು ಕಂಡರೆ ಒಂದೂ ಇಳಿಯುವುದಿಲ್ಲ.”